ಹಿತ್ತಲಿನ ಮಣ್ಣನ್ನು ಅರಿಯುವ ಕ್ರಮ

ಹೊಲಕ್ಕೆ ಬೀಜ ಹಾಕುವ ಮುನ್ನ ಮಣ್ಣಿನ ಗುಣವನ್ನು ವಿಚಾರಿಸದ ರೈತನು ಹಳೆಯ ಮೈಸೂರು ಸೀಮೆಯಲ್ಲಿ ಅಪರೂಪ. ಆದರೆ ಅದೇ ರೈತನು ಮನೆಯ ಹಿತ್ತಲಲ್ಲಿ ನಿಂಬೆ, ಸೀಬೆ, ಕರಿಬೇವುಗಳನ್ನು ನೆಡುವಾಗ ಈ ವಿಚಾರವನ್ನೇ ಮಾಡುವುದಿಲ್ಲ. ಗಿಡವು ಎರಡು ವರ್ಷದಲ್ಲಿ ಹಳದಿಗೆ ತಿರುಗಿ ಸೊರಗಿದರೆ ಸಸಿ ಮಾರಿದವನನ್ನಾಗಲಿ, ಕಣ್ಣುದೃಷ್ಟಿಯನ್ನಾಗಲಿ ದೂರುವುದು ವಾಡಿಕೆ. ದೋಷವು ಅನೇಕ ವೇಳೆ ನೆಲದೊಳಗೇ ಇರುವುದು. ಅದನ್ನು ಕಾಣಲು ಗುದ್ದಲಿಯೊಂದು ಸಾಕು.

ಹಿತ್ತಲಿನ ಮಣ್ಣು ಹೊಲದ ಮಣ್ಣಲ್ಲವೆಂಬುದನ್ನು ಹಿಡುವಳಿದಾರರು ಮೊದಲು ತಿಳಿಯತಕ್ಕದ್ದು. ಬೆಂಗಳೂರು, ಕೋಲಾರ, ತುಮಕೂರು ಮೊದಲಾದ ಕಡೆಗಳ ಕೆಂಪು ನೆಲವು ಕರಿಕಲ್ಲಿನ ಬಂಡೆಗಳು ಶಿಥಿಲವಾಗಿ ಉಂಟಾದುದು. ಅದರಲ್ಲಿ ನೀರು ಬೇಗ ಇಂಗುವುದು, ಸಾರಜನಕವೂ ಕೊಳೆತ ಸೊಪ್ಪಿನ ಅಂಶವೂ ಕಡಮೆ. ಚಿತ್ರದುರ್ಗದ ಕಡೆಯ ಎರೆಭೂಮಿಯು ನೀರನ್ನು ಹಿಡಿದಿಡುವುದು, ಬೇಸಗೆಯಲ್ಲಿ ಬಿರಿಯುವುದು. ಮಲೆನಾಡಿನಲ್ಲಿ ಸುಣ್ಣದ ಅಂಶವು ಮಳೆಗೆ ತೊಳೆದುಹೋಗಿ ಮಣ್ಣು ಹುಳಿಯಾಗಿರುವುದು. ಇಷ್ಟನ್ನು ಬಹುಮಂದಿ ಬಲ್ಲರು. ಆದರೆ ಹಳೆಯ ಊರುಗಳಲ್ಲಿ ಬಿದ್ದ ಗೋಡೆಯ ಮಣ್ಣು, ಗಾರೆ, ಒಲೆಯ ಬೂದಿ, ಹೆಂಚಿನ ಚೂರು ಇವೆಲ್ಲವೂ ತಲೆಮಾರುಗಳಿಂದ ಹಿತ್ತಲಿಗೆ ಸೇರಿ, ಕೆಂಪು ನೆಲದ ಊರಿನಲ್ಲಿಯೂ ಸುಣ್ಣದ ನೆಲವು ಉಂಟಾಗುವುದು. ಒಂದೇ ಬೀದಿಯ ಎರಡು ಹಿತ್ತಲುಗಳು ಒಂದೇ ತೆರನಾಗಿರಬೇಕೆಂಬ ನಿಯಮವಿಲ್ಲ.

ಆದುದರಿಂದ ಗಿಡ ನೆಡುವ ಸ್ಥಳದಲ್ಲಿ 3 ಅಡಿ ಆಳದ ಗುಂಡಿಯನ್ನು ತೋಡಿ, ಅದರ ಪಕ್ಕವನ್ನು ಮೇಲಿನಿಂದ ಕೆಳಗೆ ಪರೀಕ್ಷಿಸಬೇಕು. ಮೇಲಣ ಮಣ್ಣು ಒಳ್ಳೆಯದಾಗಿ ಕಂಡರೂ ಅಡಿಯಲ್ಲಿ ಗರಸು ಅಥವಾ ಬಿಗಿಯಾದ ಜೇಡಿ ಸಿಕ್ಕುವುದುಂಟು. ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಬೇಕು. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ಬೇರಿಗೆ ಗಾಳಿಯಾಡದು. ಏರುಮಡಿಗಳನ್ನು ಮಾಡಿಯೇ ತರಕಾರಿ ಹಾಕಬೇಕು.

ಮಣ್ಣಿನ ಕಣಗಳನ್ನು ತಿಳಿಯಲು ಗಾಜಿನ ಸೀಸೆಯ ಮೂರನೆಯ ಒಂದು ಭಾಗದಷ್ಟು ಮಣ್ಣು ಹಾಕಿ, ನೀರು ತುಂಬಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುವುದು, ನಯವಾದ ಮಣ್ಣು ಕೆಲವು ಗಂಟೆಗಳಲ್ಲಿ, ಜೇಡಿಯು ಮರುದಿನ. ಅರ್ಧಕ್ಕಿಂತ ಹೆಚ್ಚು ಮರಳಿದ್ದರೆ ಬೇಸಗೆಯಲ್ಲಿ ಕೆರೆಯ ಗೋಡನ್ನು ತಂದು ಹರಡಿ, ಹೆಂಟೆಗಳು ಬಿಸಿಲಿಗೂ ಮೊದಲ ಮಳೆಗೂ ಪುಡಿಯಾದ ಮೇಲೆ ಗೊಬ್ಬರದೊಡನೆ ಬೆರಸುವುದು ಲಾಭಕರ.

ಸುಣ್ಣದ ಪರೀಕ್ಷೆಯು ಇನ್ನೂ ಸುಲಭ. ಒಣಗಿದ ಮಣ್ಣಿನ ಮೇಲೆ ನಿಂಬೆಯ ರಸವನ್ನು ಹಿಂಡಿದಾಗ ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬಹುದು. ಇಂತಹ ನೆಲದಲ್ಲಿ ನಿಂಬೆಯ ಚಿಗುರೆಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುವು. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಸುಣ್ಣದ ದೆಸೆಯಿಂದ ಅದು ಬೇರಿಗೆ ದಕ್ಕುವುದಿಲ್ಲ. ಇದನ್ನು ಅರಿಯದೆ ಗೊಬ್ಬರವೆಂದು ಮತ್ತೆ ಮತ್ತೆ ಬೂದಿಯನ್ನು ಸುರಿಯುವವರಿದ್ದಾರೆ. ಇದರಿಂದ ರೋಗವೇ ಬಲಿಯುವುದು. ಬೂದಿಯು ಮಲೆನಾಡಿನ ಹುಳಿಮಣ್ಣಿಗೆ ಹಿತ, ಇಲ್ಲಿ ಅಹಿತ. ಗಾರೆಯ ಚೂರುಗಳನ್ನು ಹೊರತೆಗೆದು, ಗುಂಡಿಯನ್ನು ಹೊಲದ ಕೆಮ್ಮಣ್ಣು ಮತ್ತು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಿಂದ ತುಂಬಬೇಕು. ಅಷ್ಟು ಶ್ರಮಪಡಲಾರದವರು ನಿಂಬೆಯ ಆಸೆಯನ್ನು ಬಿಟ್ಟು ನುಗ್ಗೆ, ದಾಳಿಂಬೆ, ಅಂಜೂರಗಳನ್ನು ಬೆಳೆಯುವುದೇ ಮೇಲು.

ನಾಲೆಯ ಬಯಲಿನ ಊರುಗಳಲ್ಲಿ ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯ ಉಪ್ಪು ಕಂಡರೆ ಅದು ಚೌಳು. ಬಸಿಗಾಲುವೆಯಿಲ್ಲದೆ ಇದು ಹೋಗದು. ಜಿಪ್ಸಂ ಬೇಕಾಗುವ ಚೌಳಿನಲ್ಲಿಯೂ ಬಸಿಯಲು ದಾರಿ ಮಾಡದೆ ಅದನ್ನು ಹಾಕುವುದು ಹಣದ ನಷ್ಟವೇ ಸರಿ. ಬಚ್ಚಲಿನ ನೀರನ್ನು ಗಿಡಕ್ಕೆ ತಿರುಗಿಸುವುದು ಸೀಗೆಕಾಯಿಯ ಕಾಲದ ಒಳ್ಳೆಯ ಪದ್ಧತಿ. ಬಟ್ಟೆ ಒಗೆಯುವ ಸೋಡಾ ಸೇರಿದ ನೀರು ಮಾತ್ರ ಕಾಲಕ್ರಮದಲ್ಲಿ ಮಣ್ಣನ್ನು ಕೆಡಿಸುವುದು.

ಮನೆಯ ಪರೀಕ್ಷೆಗಳಿಂದ ಸಂಶಯ ತೀರದಿದ್ದರೆ ಮಣ್ಣನ್ನು ರಸಾಯನ ಪರೀಕ್ಷೆಗೆ ಕಳುಹಿಸಬೇಕು. ಈ ಸೀಮೆಗೆ ಇದು ಹೊಸತಲ್ಲ; 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ನೆಲದ ಮೇಲೆ ಆರಂಭವಾದ ಪ್ರಯೋಗ ಕ್ಷೇತ್ರವು ರಸಾಯನಶಾಸ್ತ್ರಜ್ಞರಾದ ಡಾ. ಲೆಹ್ಮನ್ನರ ಆಡಳಿತದಲ್ಲಿದ್ದಿತು. ಗ್ರಾಮದ ಮುಖಂಡರು ಹತ್ತಾರು ಮನೆಗಳ ಮಾದರಿಗಳನ್ನು ಒಟ್ಟಿಗೆ ಕಳುಹಿಸುವ ಏರ್ಪಾಡು ಮಾಡಿದರೆ ಬಡವರಿಗೂ ಅನುಕೂಲ. ಆದರೆ ಒಂದು ಮನೆಯ ಮಣ್ಣನ್ನು ಇನ್ನೊಂದರೊಡನೆ ಬೆರಸಬಾರದು. ಹಿತ್ತಲಿನ ಐದಾರು ಕಡೆಗಳಲ್ಲಿ ಮೇಲಣ ಕಸವನ್ನು ಸರಿಸಿ, 6 ಅಂಗುಲದ ಆಳದವರೆಗೆ ಸಮನಾಗಿ ಕೆತ್ತಿದ ಮಣ್ಣನ್ನು ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಶುಚಿಯಾದ ಬಟ್ಟೆಯ ಚೀಲದಲ್ಲಿ ಕಟ್ಟಬೇಕು. ತಿಪ್ಪೆಯ ಬಳಿಯ ಮಣ್ಣನ್ನಾಗಲಿ, ಗೊಬ್ಬರ ತುಂಬಿದ್ದ ಚೀಲವನ್ನಾಗಲಿ ಉಪಯೋಗಿಸಕೂಡದು.