ಹೀಟಾದದ್ದು ಎಲ್ಲಿ: ಸಯ್ಯಾಜಿರಾವ್ ರಸ್ತೆಯಲ್ಲೋ, ಬೆಟ್ಟದಲ್ಲೋ?

ಎಂಜಿನ್ ಹೀಟಾದ ಕಾರಿನ ಬಾನೆಟ್ ಎತ್ತುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಟೆಂಪರೇಚರ್ ಮುಳ್ಳು ಮೇಲೇರಿದಾಗ ಕಾರು ಎಲ್ಲಿತ್ತು? ಮೈಸೂರಿನವರಿಗೆ ಇದರ ಉತ್ತರ ಬೇಗ ಸಿಗುತ್ತದೆ. ದಸರಾ ದೀಪಾಲಂಕಾರ ನೋಡಲು ಹೊರಟ ವಾಹನಗಳು ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ಇಂಚಿಂಚೇ ಸರಿಯುತ್ತವೆ. ಅದೇ ಕಾರು ಇನ್ನೊಂದು ದಿನ ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುತ್ತದೆ, ಇಲ್ಲವೇ ಚಾಮುಂಡಿ ಬೆಟ್ಟ ಹತ್ತುತ್ತದೆ. ನಿಂತು ನಿಂತು ಸಾಗುವಾಗ ಮಾತ್ರ ಹೀಟಾಗುವ ಕಾರಿನ ಕಾಯಿಲೆ ಬೇರೆ, ಓಡುವಾಗ ಮತ್ತು ಏರುವಾಗ ಹೀಟಾಗುವ ಕಾರಿನದು ಬೇರೆ.

ನಮ್ಮ ಮನೆಯ ಹಳೆಯ ಪೆಟ್ರೋಲ್ ಕಾರು ಎರಡನ್ನೂ ಬೇರೆ ಬೇರೆ ಕಾಲದಲ್ಲಿ ತೋರಿಸಿತು.

ಮೊದಲನೆಯದು ದಸರೆಯ ಜನಜಂಗುಳಿಯಲ್ಲಿ. ರಸ್ತೆಯಲ್ಲಿ ಕಾರು ನಿಂತರೆ ಮುಳ್ಳು ಏರುತ್ತಿತ್ತು, ರಿಂಗ್ ರೋಡಿಗೆ ಬಂದು ವೇಗ ಹಿಡಿದ ಕೂಡಲೇ ಇಳಿಯುತ್ತಿತ್ತು. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹಾಗಾಗಿ ಅನುಮಾನ ನೇರವಾಗಿ ಫ್ಯಾನಿನ ಮೇಲೆ. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಹಾಕಿದರೆ ಫ್ಯಾನ್ ತಿರುಗಬೇಕು. ನಮ್ಮದು ತಿರುಗಲಿಲ್ಲ. ಫ್ಯೂಸ್ ಸರಿಯಿತ್ತು. ಬ್ಯಾಟರಿಯಿಂದ ಫ್ಯಾನ್ ಮೋಟಾರಿಗೆ ಫ್ಯೂಸ್ ಇರುವ ವೈರಿನಲ್ಲಿ ನೇರ ಕರೆಂಟ್ ಕೊಟ್ಟಾಗ ಅದು ಗಿರ್ರನೆ ತಿರುಗಿತು. ಅಂದರೆ ಮೋಟಾರ್ ಜೀವಂತ, ನಡುವಿನ ರಿಲೇ ಸತ್ತಿರಬಹುದು. ಪಕ್ಕದಲ್ಲೇ ಇದ್ದ ಅದೇ ನಮೂನೆಯ ಹಾರನ್ ರಿಲೇಯನ್ನು ಅಲ್ಲಿಗೆ ಹಾಕಿ ನೋಡಿದಾಗ ಅದೂ ಖಚಿತವಾಯಿತು. ಈ ಪರೀಕ್ಷೆಗಳಲ್ಲಿ ಎಚ್ಚರ ತಪ್ಪಬಾರದು: ಕೆಲವು ಕಾರುಗಳಲ್ಲಿ ಚಾವಿ ತೆಗೆದ ಮೇಲೂ ಫ್ಯಾನ್ ತಟ್ಟನೆ ಶುರುವಾಗುತ್ತದೆ. ಕೈಬೆರಳು, ದುಪಟ್ಟಾ, ಸೆರಗು ಅದರ ಹತ್ತಿರ ಸುಳಿಯಕೂಡದು.

ಇಲ್ಲಿ ಮೈಸೂರಿನ ಎತ್ತರದ ಮಾತು ಬರುತ್ತದೆ. ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಆದ್ದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 100 ಡಿಗ್ರಿಯಲ್ಲಲ್ಲ, 97ರ ಸುಮಾರಿಗೇ ಕುದಿಯುತ್ತದೆ. ಬಹಳಷ್ಟು ಕಾರುಗಳ ಫ್ಯಾನ್ ಶುರುವಾಗುವುದೂ 95ರಿಂದ 100 ಡಿಗ್ರಿಯ ನಡುವೆ. ಹಾಗಿದ್ದರೂ ರೇಡಿಯೇಟರ್ ಕುದಿಯದಿರುವುದಕ್ಕೆ ಕಾರಣ ಅದರ ಮುಚ್ಚಳ. ಅದರ ಸ್ಪ್ರಿಂಗು, ರಬ್ಬರ್ ವಾಷರು ಸೇರಿ ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಹಿಡಿದಿಡುತ್ತವೆ. ಬರಿಯ ನೀರೂ ಆಗ 120ರ ಆಸುಪಾಸಿನವರೆಗೆ ಕುದಿಯದು. ವಾಷರ್ ಬಿರುಕುಬಿಟ್ಟರೆ ಫ್ಯಾನ್ ಶುರುವಾಗುವ ಹೊತ್ತಿಗೇ ನೀರು ಕೊತಕೊತ ಎನ್ನುತ್ತದೆ. ಕಾರಿನ ಅಗ್ಗದ ಭಾಗಗಳಲ್ಲಿ ಒಂದಾದ ಇದನ್ನು ಮೊದಲೇ ನೋಡಬೇಕು, ಆದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಬಿಸಿಯಲ್ಲಿ ತೆರೆದರೆ ಒತ್ತಡ ಕಳಚಿದ ನೀರು ಆ ಕ್ಷಣವೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

ಎರಡನೆಯ ತೊಂದರೆ ಬಂದದ್ದು ಬೆಟ್ಟದ ದಾರಿಯಲ್ಲಿ. ಊರೊಳಗೆ ಎಷ್ಟು ಸುತ್ತಿದರೂ ಸುಮ್ಮನಿದ್ದ ಮುಳ್ಳು ಏರಿನಲ್ಲಿ ಮೇಲೆ ಹೋಗುತ್ತಿತ್ತು. ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು. ಹಾಗಾದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಇಲ್ಲವೇ ಶಾಖ ಹೊರಗೆ ಹೋಗುತ್ತಿಲ್ಲ. ಗ್ಯಾರೇಜಿನ ಹಿರಿಯರೊಬ್ಬರು, “ವಾಲ್ವ್ ಕಿತ್ತುಹಾಕಿಬಿಡಿ ಸಾರ್, ನಮ್ಮೂರ ಬಿಸಿಲಿಗೆ ಅದು ಬೇಡ” ಎಂದರು. ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಆ ವಾಲ್ವನ್ನು, ಅಂದರೆ ಥರ್ಮೋಸ್ಟಾಟನ್ನು, ಕಿತ್ತೆಸೆಯುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದಿಲ್ಲದ ಎಂಜಿನ್ ಬಿಸಿಯೇರಲು ಬಹಳ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕಟ್ಟಿಕೊಂಡ ರೇಡಿಯೇಟರ್ ಇದರಿಂದ ತೆರೆದುಕೊಳ್ಳುವುದೂ ಇಲ್ಲ.

ಥರ್ಮೋಸ್ಟಾಟನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಿಚ್ಚಿ, ದಾರ ಕಟ್ಟಿ, ಬೇರೆ ಕೆಲಸಕ್ಕೆ ಬಳಸದ ಹಳೆ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆ ಹಚ್ಚಬೇಕು. ಜೊತೆಗೊಂದು ಥರ್ಮಾಮೀಟರ್ ಇರಲಿ, ಜ್ವರ ನೋಡುವುದು ಬೇಡ. ಎಷ್ಟು ಡಿಗ್ರಿಗೆ ತೆರೆಯಬೇಕೆಂದು ಸಾಮಾನ್ಯವಾಗಿ ಥರ್ಮೋಸ್ಟಾಟಿನ ಮೇಲೇ ಅಚ್ಚಾಗಿರುತ್ತದೆ. ನಮ್ಮದರ ಮೇಲೆ 82 ಎಂದಿತ್ತು, ಸರಿಯಾಗಿ ಅಲ್ಲೇ ಬಾಯಿ ತೆರೆಯತೊಡಗಿತು. ಹಾಗಾಗಿ ಥರ್ಮೋಸ್ಟಾಟ್ ನಿರ್ದೋಷಿ.

ಉಳಿದದ್ದು ರೇಡಿಯೇಟರ್. ಎಂಜಿನ್ ಬಿಸಿಯೇರಿ, ಅದನ್ನು ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಖದ ಮುಂದೆ ದೂರದಿಂದಲೇ ಅಂಗೈ ಹಿಡಿದು ನೋಡಿದರೆ ಮೇಲ್ಭಾಗ ಸುಡುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ಬೆಚ್ಚಗೂ ಇರಲಿಲ್ಲ. ಆ ನಳಿಕೆಗಳಲ್ಲಿ ನೀರು ಹರಿಯುತ್ತಿಲ್ಲ ಎಂದರ್ಥ. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಹಾಕುತ್ತಾ ಬಂದ ಕಾರುಗಳಲ್ಲಿ ಬಿಸಿನೀರಿನ ಹಂಡೆಯೊಳಗೆ ಕಟ್ಟುವಂಥದೇ ಬಿಳಿ ಸುಣ್ಣದ ಪದರ ನಳಿಕೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಅರ್ಧದಷ್ಟು ಎಥಿಲೀನ್ ಗ್ಲೈಕಾಲ್ ಕೂಲಂಟ್ ಬೆರೆಸಿ ಹಾಕುವುದು ನಮ್ಮಲ್ಲಿ ಹಿಮ ಬೀಳುತ್ತದೆಂದಲ್ಲ: ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಮೇಲಕ್ಕೆತ್ತುತ್ತದೆ. ಹಳೆಯದನ್ನು ಇಳಿಸುವಾಗ ನೆಲಕ್ಕೆ ಚೆಲ್ಲಬಾರದು. ರುಚಿಗೆ ಸಿಹಿ, ಆದರೆ ವಿಷ. ಬೀದಿನಾಯಿ, ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಮನೆಯ ಪರೀಕ್ಷೆ ನಿಲ್ಲಬೇಕಾದ ಗಡಿಯೂ ಇದೆ. ಎಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲುಹಾಲಾಗಿ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಲ್ಯೂಮಿನಿಯಂ ಹೆಡ್ ಶಾಖಕ್ಕೆ ಬೇಗ ಬೆಂಡಾಗುತ್ತದೆ. ಅಂಥ ಕಾರನ್ನು ಮುಂದಿನ ಸರ್ಕಲ್ಲಿನವರೆಗೂ ಓಡಿಸದೆ ಟೋ ಮಾಡಿಸುವುದೇ ಸರಿ.

ಊಟಿಗೆ ಹೊರಟವರಿಗೆ ಈ ತಪಾಸಣೆ ಇನ್ನೂ ಮುಖ್ಯ. ಮಸಿನಗುಡಿಯಿಂದ ಮೇಲೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅದಕ್ಕೂ ಮೊದಲು ಸಿಗುವ ಬಂಡೀಪುರದ ಕಾಡಿನಲ್ಲಿ ವಾಹನ ನಿಲ್ಲಿಸುವಂತಿಲ್ಲ. ಹಾಗಾಗಿ ಗುಂಡ್ಲುಪೇಟೆಯಲ್ಲೇ ನಿಂತು ರೇಡಿಯೇಟರ್ ಪಕ್ಕದ ಡಬ್ಬಿಯ ಕೂಲಂಟ್ ಮಟ್ಟ ನೋಡಬೇಕು. ಏರಿನಲ್ಲಿ ಮುಳ್ಳು ಮೇಲೆದ್ದರೆ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಒಂದಿಷ್ಟು ಶಾಖ ಕಾರಿನೊಳಕ್ಕೆ ಬರುತ್ತದೆ. ಮುಳ್ಳು ಮೇಲಿದ್ದೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಕೂಲಂಟ್ ಹರಿಯುತ್ತಿಲ್ಲ. ಜಾಗ ಸಿಕ್ಕಲ್ಲೇ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು.