ಒಮ್ಮೆ ಚಾಲೂ, ಒಮ್ಮೆ ಬಂದ್: ಹಳೇ ಕಾರಿನ ವಾಯರಿಂಗ್ ದೋಷ ಹುಡುಕುವುದು ಹೇಗೆ?

ಪೂರ್ತಿ ಕೆಟ್ಟು ನಿಂತ ಗಾಡಿಯ ರಿಪೇರಿ ಸುಲಭ. ಆಗೊಮ್ಮೆ ಈಗೊಮ್ಮೆ ಕೈಕೊಡುವ ಗಾಡಿಯೇ ರೈತನ ಕಿಸೆ ಖಾಲಿ ಮಾಡುವುದು. ಮನೆ ಮುಂದೆ ಹತ್ತು ಸಲ ಕೀಲಿ ತಿರುವಿದರೂ 'ಟಕ್' ಅಂದು ಸುಮ್ಮನಾಗುತ್ತದೆ. ಮಿಸ್ತ್ರಿ ಬಂದು ಕೀಲಿ ಮುಟ್ಟಿದರೆ ಒಮ್ಮೆಲೇ ಚಾಲೂ!

ನಮ್ಮ ಹಳೇ ಪೆಟ್ರೋಲ್ ಕಾರು ಒಂದು ವರ್ಷ ಹೀಗೇ ಆಟ ಆಡಿಸಿತು. ಒಂದು ರಾತ್ರಿ ಮೊಮ್ಮಗನಿಗೆ ಜ್ವರ ಏರಿ ಬಸವನ ಬಾಗೇವಾಡಿಗೆ ಒಯ್ಯಬೇಕಾಗಿತ್ತು. ಗಾಡಿ ಏಳಲಿಲ್ಲ. ಮಂದಿ ಎಬ್ಬಿಸಿ ನೂಕಿಸಿ ಚಾಲೂ ಮಾಡಿದೆವು. ಮರುದಿನ ಗ್ಯಾರೇಜಿನಲ್ಲಿ ಒಂದೇ ಸೆಲ್ಫಿಗೆ ಹತ್ತಿತು. "ಬ್ಯಾಟರಿ ವೀಕ್ ಆಗ್ಯಾದ್ರಿ" ಅಂದರು. ಅರ್ಧ ಕ್ವಿಂಟಲ್ ತೊಗರಿಗಿಂತ ಹೆಚ್ಚಿನ ರೊಕ್ಕ ಹೋಯಿತು. ಹದಿನೈದು ದಿವಸ ಛಲೋ ನಡೆದು ಮತ್ತೆ ಅದೇ ಹಾಡು. ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿ ಬ್ರಷ್ ಹಾಕಿಸಿದೆವು. ಮತ್ತೆ ಒಂದು ತಿಂಗಳು ಛಲೋ, ಮತ್ತೆ 'ಟಕ್'.

ಕೊನೆಗೆ ಗೊತ್ತಾದದ್ದೇನು? ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ ತುಕ್ಕು ತಿಂದಿತ್ತು. ಬ್ಯಾಟರಿ ಬದಲಿಸುವಾಗ, ಸೆಲ್ಫ್ ಬಿಚ್ಚುವಾಗ ಕೈ ತಾಗಿ ಪಟ್ಟಿ ಅಲುಗಾಡಿ ಒಂದಿಷ್ಟು ದಿವಸ ಹಿಡಿದುಕೊಂಡಿತ್ತು. ನಾವು ಸಾಮಾನು ಬದಲಿಸಿದ್ದಕ್ಕೇ ಸರಿಹೋಯಿತು ಎಂದು ತಿಳಿದೆವು. ಇಂಥ ದೋಷದಲ್ಲಿ ದೊಡ್ಡ ಮೋಸ ಇದೇ.

ಆದ್ದರಿಂದ ಪಾನಾ ಹಿಡಿಯುವ ಮೊದಲು ಒಂದು ನೋಟುಬುಕ್ ಹಿಡಿಯಿರಿ. ಗಾಡಿ ಯಾವಾಗ ಕೈಕೊಟ್ಟಿತು, ಬರೆಯಿರಿ. ಎಂಜಿನ್ ಕಾದಾಗ ಬಂದ್ ಆಗಿ, ತಣ್ಣಗಾದ ಮೇಲೆ ಚಾಲೂ ಆದರೆ ಇಗ್ನಿಷನ್ ಕಾಯಿಲ್ ಕಡೆ ನೋಡಬೇಕು. ಕುಣಿಯಲ್ಲಿ ಜಿಗಿದಾಗ ಲೈಟು ಹೋಗಿ ಬಂದರೆ ಎಲ್ಲೋ ಜಾಯಿಂಟ್ ಸಡಿಲ. ಮಳೆ, ಮಂಜಿನ ದಿವಸ ಮಾತ್ರ ಆದರೆ ತೇವ ಹೊಕ್ಕಿದೆ. ಲೈಟು, ಫ್ಯಾನು, ವೈಪರ್ ಎಲ್ಲ ಕೂಡಿ ಹಚ್ಚಿದಾಗ ಮಾತ್ರ ಆದರೆ ಚಾರ್ಜಿಂಗ್ ಅಥವಾ ಅರ್ಥಿಂಗ್.

ಸೆಲ್ಫ್ ಹೊಡೆಯದಿದ್ದಾಗ ಇನ್ನೊಂದು ಪರೀಕ್ಷೆ ಇದೆ, ರೊಕ್ಕ ಖರ್ಚಿಲ್ಲದ್ದು. ಹೆಡ್‌ಲೈಟ್ ಹಚ್ಚಿ ಕೀಲಿ ತಿರುವಿರಿ. ಬೆಳಕು ಮಂಕಾಗಿ ಕುಗ್ಗಿದರೆ ಬ್ಯಾಟರಿ ಮೇಲೆ ಸಂಶಯ. ಬೆಳಕು ಪೂರ್ತಿ ಆರಿ, ಕೀಲಿ ಬಿಟ್ಟ ಮೇಲೆ ಬಂದರೆ ಬ್ಯಾಟರಿ ಟರ್ಮಿನಲ್ ಸಡಿಲ ಅಥವಾ ಕಿಲುಬು. ಬೆಳಕು ಇದ್ದಂತೇ ಇದ್ದು ಬರೀ 'ಟಕ್' ಅಂದರೆ ಬ್ಯಾಟರಿ ಒಳ್ಳೆಯದೇ ಇದೆ, ಕರೆಂಟ್ ಸೆಲ್ಫಿಗೆ ಮುಟ್ಟುತ್ತಿಲ್ಲ. ನಮ್ಮದು ಈ ಮೂರನೇ ಜಾತಿ. ಅಂದು ಬಾನೆಟ್ ಎತ್ತಿ ಕೈಯಾಡಿಸಿದರೆ ಆಕ್ಸಿಲರೇಟರ್ ಕೇಬಲ್ ಬಿಸಿ! ಎಂಜಿನ್ ಕುಳಿತಿರುವುದು ರಬ್ಬರ್ ಮೇಲೆ. ಅರ್ಥಿಂಗ್ ಪಟ್ಟಿ ಕೈಬಿಟ್ಟರೆ ಸೆಲ್ಫಿನ ದೊಡ್ಡ ಕರೆಂಟ್ ವಾಪಸ್ ಹೋಗಲು ಹಾದಿ ಸಿಗದೆ ಆ ತೆಳ್ಳಗಿನ ಕೇಬಲ್ ಹಿಡಿಯುತ್ತದೆ.

ಸಣ್ಣ ಡಿಜಿಟಲ್ ಮೀಟರ್ ಒಂದು ಇಟ್ಟುಕೊಳ್ಳಿರಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ನಡೆದಾಗ 13.8ರಿಂದ 14.5ರವರೆಗೆ ಇರಬೇಕು. ಅರ್ಥಿಂಗ್ ನೋಡಲು ಕಪ್ಪು ವಾಯರ್ ಬ್ಯಾಟರಿಯ ಮೈನಸ್ ಗೂಟಕ್ಕೆ, ಕೆಂಪು ವಾಯರ್ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿರಿ. ಅರ್ಧ ವೋಲ್ಟಿನ ಒಳಗಿರಬೇಕು. ನಮ್ಮದು ಎರಡು ದಾಟಿತ್ತು. ಪಟ್ಟಿ ಬಿಚ್ಚಿದರೆ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಹೊಸ ಪಟ್ಟಿ ತಂದು, ಬೋಲ್ಟು ಕೂಡುವ ಜಾಗವನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ತಿಕ್ಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದೆ. ಬ್ಯಾಟರಿಗೆ ಕೊಟ್ಟ ರೊಕ್ಕದ ಮುಂದೆ ಇದರ ಖರ್ಚು ಏನೂ ಅಲ್ಲ.

ಮೀಟರಿನ 'ಕುಂಯ್' ಶಬ್ದ ನಂಬಿ ಕೆಡಬೇಡಿರಿ. ಒಂದೇ ಎಳೆ ಉಳಿದ ವಾಯರ್ ಸಹ ಕುಂಯ್ ಅನ್ನುತ್ತದೆ. ಒಂದೆಳೆ ಉಳಿದ ಹಗ್ಗ ಕರುವನ್ನು ತಡೆದೀತು, ಹೋರಿಯನ್ನು ತಡೆಯುತ್ತದೆಯೇ? ಅದಕ್ಕೇ ವಾಯರಿನ ಮೇಲೆ ಭಾರ ಹೇರಿ ನೋಡಬೇಕು. 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಹೋಲ್ಡರ್ ಹಾಕಿ ಎರಡು ವಾಯರ್, ಒಂದು ಚಿಮಟಾ ಜೋಡಿಸಿದರೆ ಟೆಸ್ಟ್ ಲ್ಯಾಂಪ್ ತಯಾರು. ಸಂಶಯದ ವಾಯರಿನ ತುದಿಗೆ ಅದನ್ನು ಹಚ್ಚಿ, ಬಲ್ಬ್ ಉರಿಯುತ್ತಿರುವಾಗ ವಾಯರನ್ನು ಒಂದೊಂದೇ ಗೇಣು ಅಲುಗಾಡಿಸುತ್ತ ಹೋಗಿರಿ. ಬಲ್ಬ್ ಮಿಣುಕಿದ ಜಾಗವೇ ರೋಗದ ಜಾಗ. ಅವಸರ ಮಾಡಬಾರದು, ಹೇನು ಹುಡುಕಿದಂತೆ ಹುಡುಕಬೇಕು.

ಬ್ರೇಕ್ ತುಳಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಹತ್ತುತ್ತದೆಯೇ? ಹಿಂದಿನ ಲೈಟಿನ ಅರ್ಥಿಂಗ್ ಹೋಗಿದೆ, ಕರೆಂಟ್ ಇನ್ನೊಂದು ಬಲ್ಬಿನೊಳಗಿಂದ ಹಾದಿ ಮಾಡಿಕೊಂಡಿದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹಾದಿಗೆ ಇಳಿಯುವವರು ಇದನ್ನು ಅಲಕ್ಷ್ಯ ಮಾಡಬೇಡಿರಿ.

ನಮ್ಮ ಕಡೆ ಎರಿ ಮಣ್ಣಿನ ಧೂಳು ಫ್ಯೂಜ್ ಡಬ್ಬಿಯೊಳಗೆ ಹೊಕ್ಕು, ಮಳೆಗಾಲದ ತೇವಕ್ಕೆ ಕೆಸರಾಗುತ್ತದೆ. ಫ್ಯೂಜ್ ಒಂದೊಂದೇ ಕಿತ್ತು, ಒರೆಸಿ, ಬಿಗಿಯಾಗಿ ಕೂಡಿಸಿದರೆ ಎಷ್ಟೋ ಕಾಯಿಲೆ ಅಲ್ಲೇ ಹೋಗುತ್ತವೆ. ಸುಟ್ಟ ಫ್ಯೂಜಿಗೆ ತಾಮ್ರದ ಎಳೆ ಸುತ್ತಬೇಡಿರಿ, ವಾಯರಿಂಗೇ ಹೊತ್ತಿ ಉರಿದೀತು. ಕಣಕಿ ಬಣವಿ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ಒಳಗೆ ಇಲಿ ಗೂಡು ಇದೆಯೋ ನೋಡಬೇಕು.

ನಿಂತಲ್ಲೇ ಬ್ಯಾಟರಿ ಇಳಿಯುವ ಗಾಡಿಗೆ, ಕೀಲಿ ತೆಗೆದು, ಬಾಗಿಲು ಮುಚ್ಚಿ, ಮೈನಸ್ ವಾಯರ್ ಬಿಚ್ಚಿ ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಜೋಡಿಸಿರಿ. 50 ಮಿಲಿ ಆಂಪಿಯರ್‌ಗಿಂತ ಬಹಳ ಹೆಚ್ಚಿದ್ದರೆ ಫ್ಯೂಜ್ ಒಂದೊಂದೇ ಕೀಳಿರಿ. ಯಾವುದಕ್ಕೆ ಅಂಕಿ ಬೀಳುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಆಗ ಸೆಲ್ಫ್ ಮಾತ್ರ ಹೊಡೆಯಬೇಡಿರಿ, ಮೀಟರ್ ಸುಡುತ್ತದೆ.

ವಾಯರಿಂಗ್ ಬಿಚ್ಚಿ ಕೂಡಿಸುವ ಯಾವ ಕೆಲಸಕ್ಕೂ ಮೊದಲು ಮೈನಸ್ ಬಿಚ್ಚಬೇಕು, ಕೊನೆಗೆ ಮೈನಸ್ ಹಾಕಬೇಕು. ಕೈಯಲ್ಲಿ ಉಂಗುರ, ಕಡಗ ಇರಬಾರದು. ಚಾರ್ಜ್ ಆಗುವ ಬ್ಯಾಟರಿ ಹತ್ತಿರ ಬೀಡಿ ಬೇಡವೇ ಬೇಡ, ಅದರ ಗ್ಯಾಸು ಸಿಡಿಯುತ್ತದೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಕಿಲುಬಿಗೆ ಅಡಿಗೆ ಸೋಡಾ ಕಲಸಿದ ನೀರು ಸಾಕು, ಬ್ಯಾಟರಿ ಒಳಗೆ ಮಾತ್ರ ಬೀಳಬಾರದು.

ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಇಂಥ ಗಾಡಿ ಇಟ್ಟುಕೊಂಡವರಿಗೆ, ಹಳೇ ಜೀಪು, ಟ್ರ್ಯಾಕ್ಟರಿನವರಿಗೆ ಇಷ್ಟು ಉಪಯೋಗ ಬೀಳುತ್ತದೆ. ಕಂಪ್ಯೂಟರ್, ಏರ್‌ಬ್ಯಾಗ್ ಇರುವ ಹೊಸ ಕಾರುಗಳ ಸಣ್ಣ ವಾಯರುಗಳಿಗೆ ಮಾತ್ರ ಈ ಬಲ್ಬ್ ಹಚ್ಚಬೇಡಿರಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟದೆ ಬಲ್ಲವರ ಹತ್ತಿರ ಒಯ್ಯಿರಿ.