ಎದೆಯುರಿ: ಅಂಕಿಯ ಹಿಂದಿನ ಪದ

ನಾನು ವೈದ್ಯನಲ್ಲ. ಗಣಿತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದ ಅಧ್ಯಾಪಕ. ಈ ಎರಡೂ ಪಾಠಗಳು ಕೂಡುವ ವಿಷಯವೊಂದನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ಆರಿಸಿಕೊಂಡಿದ್ದೇನೆ.

ಉಂಡ ಆಹಾರವು ಅನ್ನನಾಳದ ಮೂಲಕ ಜಠರಕ್ಕಿಳಿಯುತ್ತದೆ. ನಾಳದ ಕೆಳತುದಿಯಲ್ಲಿರುವ ಸ್ನಾಯುವಿನ ಬಳೆಯು ಆಹಾರ ಇಳಿಯುವಾಗ ತೆರೆದು, ಬಳಿಕ ಮುಚ್ಚಿಕೊಳ್ಳಬೇಕು. ಅದು ಅಕಾಲದಲ್ಲಿ ಸಡಿಲಗೊಂಡರೆ ಜಠರದ ಆಮ್ಲವು ಮೇಲೇರಿ ಎದೆಯುರಿ, ಹುಳಿತೇಗು ಉಂಟಾಗುತ್ತವೆ. ಇದು ಮತ್ತೆ ಮತ್ತೆ ಮರುಕಳಿಸಿ ಬಾಧಿಸಿದರೆ ರೋಗವೆನಿಸುತ್ತದೆ.

ವಾರಕ್ಕೊಮ್ಮೆಯಾದರೂ ಈ ತೊಂದರೆ ಇರುವವರೆಷ್ಟು? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಉತ್ತರ ಅಮೆರಿಕದಲ್ಲಿ ಶೇಕಡಾ 18ರಿಂದ 28, ಯುರೋಪಿನಲ್ಲಿ 9ರಿಂದ 26, ಪೂರ್ವ ಏಷ್ಯಾದಲ್ಲಿ 2.5ರಿಂದ 8. ಭಾರತದ ಹಲವು ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 7.6.

ಈ ಅಂತರಕ್ಕೆ ಬೊಜ್ಜು ಒಂದು ಮುಖ್ಯ ಕಾರಣ. ಆದರೆ ಗಣಿತದ ವಿದ್ಯಾರ್ಥಿಯು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಎಣಿಸಿದ್ದು ಹೇಗೆ? ಇಂತಹ ಸಮೀಕ್ಷೆಗಳು ಬಹುತೇಕ ಜನರ ಉತ್ತರವನ್ನೇ ಅವಲಂಬಿಸಿವೆ. ಇಂಗ್ಲಿಷಿನ ‘ಹಾರ್ಟ್‌ಬರ್ನ್’ ಪದಕ್ಕೆ ಏಷ್ಯಾದ ಹಲವು ಭಾಷೆಗಳಲ್ಲಿ ನೇರ ಸಮಾನಪದವಿಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪೂರ್ವ ಏಷ್ಯಾ ಮೂಲದವರ ಪೈಕಿ ಆ ಪದದ ಅರ್ಥ ತಿಳಿದವರು ತೀರಾ ಕಡಿಮೆ. ಬಿಳಿಯರಲ್ಲಿಯೂ ಅನೇಕರಿಗೆ ತಿಳಿದಿರಲಿಲ್ಲ. ಪ್ರಶ್ನೆಯೇ ಅರ್ಥವಾಗದಿದ್ದರೆ ಉತ್ತರದ ಅಂಕಿಗೆ ಬೆಲೆಯೆಷ್ಟು?

ಈ ವಿಷಯದಲ್ಲಿ ಕಾಸರಗೋಡಿನ ನಾವು ಭಾಗ್ಯವಂತರು. ಕನ್ನಡದಲ್ಲಿ ‘ಎದೆಯುರಿ’, ಮಲಯಾಳದಲ್ಲಿ ‘ನೆಞ್ಚೆರಿಚ್ಚಿಲ್’. ಎರಡರ ಅರ್ಥವೂ ಒಂದೇ. ಆದರೂ ನಮ್ಮಲ್ಲಿ ಅನೇಕರು ಎಲ್ಲವನ್ನೂ ‘ಗ್ಯಾಸ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಇದು ಅಪಾಯಕರ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿ ಬೆವರಿದರೆ ಅದು ಹೃದಯಾಘಾತವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ ಇವುಗಳನ್ನೂ ಮನೆಮದ್ದಿನಿಂದ ಮುಚ್ಚಿಡಬಾರದು.

ನಮ್ಮ ದೇಶದ ಅಂಕಿ ಚಿಕ್ಕದೆಂಬುದು ರೋಗಿಗೆ ರಕ್ಷಣೆಯಲ್ಲ. ಉರಿಯೋ, ಹಿಂಡುವ ನೋವೋ, ಹುಳಿತೇಗೋ, ಊಟದ ಬಳಿಕವೋ, ಮಲಗಿದಾಗಲೋ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿರಿ. ಮನೆಯ ಹಿರಿಯರಿಗೆ ಆಸ್ಪತ್ರೆಯ ಭಾಷೆ ಬಾರದಿದ್ದರೆ ಜೊತೆಗೆ ಹೋಗಿ ಅವರ ಮಾತನ್ನು ತಪ್ಪಿಲ್ಲದೆ ದಾಟಿಸಿರಿ. ಎರಡು ಭಾಷೆ ಬಲ್ಲ ಗಡಿನಾಡಿನ ಮಕ್ಕಳಿಂದ ನಾನು ಬಯಸುವ ಗುರುದಕ್ಷಿಣೆ ಇಷ್ಟೇ.